ಕಣ್ಣಳತೆ

ಮೂವತ್ತು ವರ್ಷ ಬೈತಖೋಲದ ಬಂದರಿನಲ್ಲಿ ಕೂತವಳು ನಾನು.
ಬುಟ್ಟಿಯ ಬಾಯಿ ನೋಡಿದರೆ ಸಾಕು,
ಬಂಗಡೆ ಎಷ್ಟು ಕಿಲೋ, ತಳದಲ್ಲಿ ಐಸು ಎಷ್ಟು,
ಹೇಳಿಬಿಡುತ್ತಿದ್ದೆ.
ತಕ್ಕಡಿ ಬರೀ ಗಿರಾಕಿಯ ಸಮಾಧಾನಕ್ಕೆ.

ಸೊಸೆಯ ಹೊಟ್ಟೆಯನ್ನೂ ಹಾಗೇ ನೋಡಿದ್ದೆ.
"ಚಿಕ್ಕದಿದ್ದರೆ ಒಳ್ಳೆಯದೇ, ಸಲೀಸಾಗಿ ಜಾರುತ್ತದೆ.
ಇವಳ ಗಂಡ ನಾಕು ಕಿಲೋ ಇದ್ದ,
ಎರಡು ರಾತ್ರಿ ಒಂದು ಹಗಲು ನನ್ನನ್ನು ಹರಿದು ಹಾಕಿ ಬಂದ."
ಅದಕ್ಕೇ ಅವಳ ತಟ್ಟೆಗೆ ಎರಡನೇ ಸಲ ಅನ್ನ ಬಡಿಸುವಾಗ
ನನ್ನ ಕೈ ಹಿಂದೆ ಬರುತ್ತಿತ್ತು.
ಜಿಪುಣತನವಲ್ಲ, ದೇವರಾಣೆ.
ಹೆದರಿಕೆ.
ಇಪ್ಪತ್ತೆಂಟು ವರ್ಷ ಹಿಂದಿನದು,
ಉಪ್ಪಿನಲ್ಲಿಟ್ಟ ಮೀನಿನ ಹಾಗೆ ಕೆಡದೆ ಉಳಿದದ್ದು.

ಆಮೇಲೆ ಜೂನ್. ಬೋಟುಗಳೆಲ್ಲ ದಡಕ್ಕೆ.
ಅರವತ್ತೊಂದು ದಿನ ಕಡಲಿಗೆ ಬೀಗ.
ಗಂಜಿ, ಒಣ ಸೀಗಡಿ ಚಟ್ನಿ, ಮತ್ತೆ ಗಂಜಿ.
ಸುಲಕ್ಷಾ ಏನೂ ಕೇಳಲಿಲ್ಲ. ಕೇಳುವವಳಲ್ಲ.
ಒಂದು ರಾತ್ರಿ ಅಡುಗೆಮನೆಯಲ್ಲಿ ಸದ್ದು,
ಬೆಕ್ಕು ಅಂದುಕೊಂಡು ಎದ್ದೆ.
ಕತ್ತಲಲ್ಲಿ ನಿಂತು ಹಸಿ ಅಕ್ಕಿ ಮುಕ್ಕುತ್ತಿದ್ದಳು.
ಬೆಕ್ಕೇ ಅಂದುಕೊಂಡು ಹೋಗಿ ಮಲಗಿದೆ.

ನರ್ಸ್ ರೆಜಿನಾ ಬಾಯಿ ಟೇಪು ಹಿಡಿದು ಬಂದಳು,
ದರ್ಜಿಯ ಹಳದಿ ಟೇಪು, ಅಂಚು ಹರಿದದ್ದು.
ಹೊಟ್ಟೆಯ ಮೇಲೆ ಒಮ್ಮೆ ಇಟ್ಟಳು. ತೆಗೆದು ಮತ್ತೊಮ್ಮೆ ಇಟ್ಟಳು.
"ವಾರ ಮೂವತ್ತೆರಡು. ಟೇಪು ಇಪ್ಪತ್ತೇಳು ಅನ್ನುತ್ತದೆ."
"ಕೂಸಿಗೆ ಅಂಗಿ ಹೊಲೀತೀಯೇನೇ ಬಾಯಿ?" ಎಂದು ನಕ್ಕೆ.
ಅವಳು ನಗಲಿಲ್ಲ.
ಸುಲಕ್ಷಾಳ ಕಣ್ಣಿನ ಕೆಳರೆಪ್ಪೆ ಎಳೆದು ನನಗೆ ತೋರಿಸಿದಳು,
ಗಿರಾಕಿಗೆ ನಾನು ಮೀನಿನ ಕಿವಿರು ಎತ್ತಿ ತೋರಿಸುವ ಹಾಗೆ.
"ನೀನೇ ಹೇಳು. ಕೊಳ್ಳುತ್ತೀಯಾ?"
ಕೆಂಪು ಇರಲಿಲ್ಲ.

ಆಸ್ಪತ್ರೆಯ ಕತ್ತಲೆ ಕೋಣೆ.
ಪರದೆಯ ತುಂಬ ಮಳೆಗಾಲದ ಕಡಲಿನ ಬೂದು, ಒಳಗೊಂದು ಅಲುಗಾಟ.
ಹೊಕ್ಕುಳಬಳ್ಳಿಯಲ್ಲಿ ರಕ್ತ ಓಡುವ ಸದ್ದು ಕೇಳಿಸಿದರು:
ದೂರದ ಬೋಟು, ಡೀಸೆಲ್ ತೀರುತ್ತ ಬಂದ ಇಂಜಿನ್ನು.
ಒಂದು ಕಿಲೋ ಇನ್ನೂರು ಗ್ರಾಂ, ಎಂದರು.
ಅಷ್ಟು ತೂಕದ ಇಶ್ವಾಣವನ್ನು ನಾನು
ಮರಿ ಎಂದು ಪಕ್ಕಕ್ಕೆ ಎಸೆಯುತ್ತಿದ್ದೆ.

ಡಾಕ್ಟರಮ್ಮ ಚೀಟಿಯ ಹಿಂದೆ ಚಿತ್ರ ಬರೆದು ಹೇಳಿದಳು:
ಮಾಸು ಸಣ್ಣದು, ಬೇರು ಸರಿಯಾಗಿ ಇಳಿದಿಲ್ಲ.
ಊಟದಿಂದಲೇ ಹೀಗಾಯಿತು ಅನ್ನಲಾರೆ,
ಊಟದಿಂದಲೇ ಸರಿಹೋಗುತ್ತದೆ ಅಂತಲೂ ಅನ್ನಲಾರೆ.
ಉಣ್ಣಲಿ. ವಾರಕ್ಕೆರಡು ಸಲ ಬನ್ನಿ.
ರಕ್ತದ ಓಟ ಸೋತರೆ ಕಾಯುವುದಿಲ್ಲ, ಹೊರಗೆ ತೆಗೆಯುತ್ತೇವೆ,
ಅದಕ್ಕೆ ಮೊದಲು ಕೂಸಿನ ಉಸಿರಿಗೊಂದು ಇಂಜೆಕ್ಷನ್.
ಬೈದಿದ್ದರೆ ಚೆನ್ನಾಗಿತ್ತು.
ಬೈಗುಳಕ್ಕೆ ನನ್ನ ಹತ್ತಿರ ಜವಾಬಿತ್ತು.

ಈಗ ಅಂಗನವಾಡಿಯ ಮೊಟ್ಟೆ ಅವಳು ತಿಂದು ಮುಗಿಸುವವರೆಗೆ
ಎದುರಿಗೆ ಕೂರುತ್ತೇನೆ, ಸಾಲ ವಸೂಲಿಗೆ ಬಂದವಳಂತೆ.
ಕಬ್ಬಿಣದ ಮಾತ್ರೆಯ ಜೊತೆ ಚಹಾ ಇಲ್ಲ, ಲಿಂಬೆ ನೀರು.
ಆಷಾಢಕ್ಕೆ ನುಗ್ಗೆಸೊಪ್ಪು ಆಗದು ಅನ್ನುತ್ತಿದ್ದಳು ನನ್ನ ಅತ್ತೆ.
ಅತ್ತೆ ಈಗ ಇಲ್ಲ. ಸೊಪ್ಪು ಇದೆ.
ಏಂಡಿ ಬಲೆಯವರು ನಸುಕಿನಲ್ಲಿ ಎಳೆದ ನಾಕು ನೊಗ್ಲಿಯನ್ನು
ಜನ್ಮದಲ್ಲಿ ಮೊದಲ ಸಲ ಚೌಕಾಶಿಯಿಲ್ಲದೆ ಕೊಂಡೆ.
ನಡುವಿನ ತುಂಡು ಅವಳ ತಟ್ಟೆಗೆ.
ಮಗ ನೋಡಿದ. ನೋಡಲಿ.

ರಾತ್ರಿ ಅವಳು ಎಡಮಗ್ಗುಲಿಗೆ.
ಒದೆ ಎಣಿಸುವುದು ನನ್ನ ಪಾಳಿ, ಹತ್ತರವರೆಗೆ.
ಕತ್ತಲಲ್ಲಿ ಕಣ್ಣಿಗೆ ಕೆಲಸವಿಲ್ಲ,
ಅಂಗೈ ಇಟ್ಟು ಕಾಯಬೇಕು.
ಆರು. ಏಳು.
ಎಂಟಾದ ಮೇಲೆ ಬಹಳ ಹೊತ್ತು ಏನೂ ಇಲ್ಲ,
ಕಡಲಿನ ಸದ್ದು ಬಿಟ್ಟರೆ.

"ಅತ್ತೆ," ಅಂದಳು, "ಹಸಿವಾಗಿದೆ."
ಈ ಮನೆಗೆ ಬಂದಮೇಲೆ ಮೊದಲ ಸಲ.

ಎದ್ದೆ. ಅಡುಗೆಮನೆಯ ದೀಪ ಹಾಕಿದೆ.